ಗಾಳೆವ್ವನ ತಪ್ಪು ಹುಡುಕಿದ ಹುಲಗಪ್ಪ

ಅದು ಯಾವ ಕಾಲವೋ, ಯಾರ ಆಳ್ವಿಕೆಯೋ, ನನ್ನನ್ನು ಕೇಳಬೇಡಿ, ನನ್ನಜ್ಜಿಗೂ ಗೊತ್ತಿರಲಿಲ್ಲ. ಬಲು ಹಿಂದೆ ಹುಡೇದಹಾಳ ಅಂತ ಒಂದು ಊರಿತ್ತಂತೆ, ಆ ಊರಲ್ಲಿ ಹುಲಗಪ್ಪ ಅಂತ ಒಬ್ಬ ಡಂಗುರ ಸಾರುವವನಿದ್ದನಂತೆ. ಅವನು ಹಲಗೆ ಬಾರಿಸಿದರೆ ಮೂರು ಹರದಾರಿ ಆಚೆ ಮೇಯುವ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವಂತೆ. ಮೂರು ಹರದಾರಿಯೋ ಒಂದೋ, ಅದು ಹೇಳುವವರ ಬಾಯಿಗೆ ಬಿಟ್ಟದ್ದು. ಬುದ್ಧಿ ಮಾತ್ರ ಸ್ವಲ್ಪ ನಿಧಾನ. ಹೇಳಿದ್ದನ್ನು ಹೇಳಿದ ಹಾಗೇ ಸಾರುವನು, ತನ್ನ ಕಡೆಯಿಂದ ಒಂದು ಮಾತೂ ಸೇರಿಸುವವನಲ್ಲ.

ಆ ಊರಲ್ಲಿ ಸೆರೆಮನೆ ಇರಲಿಲ್ಲ. ತಪ್ಪು ಮಾಡಿದವರನ್ನು ದೇಸಾಯಿಯ ವಾಡೆಯ ಮುಂದಿನ ಹಗೇವಿಗೆ ಇಳಿಸುತ್ತಿದ್ದರು. ಹಗೇವು ಅಂದರೆ ಜೋಳ ತುಂಬಿಡುವ ಆಳದ ನೆಲಗುಂಡಿ. ಬಾಯಿಗೆ ಕಲ್ಲು ಮುಚ್ಚಿದರೆ ಒಳಗೆ ಗಾಳಿ ಆಡದು. ಗಟ್ಟಿ ಆಳೂ ಒಂದು ದಿನ ಬದುಕಲಾರ. ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಇಂಥವರು, ಇಂಥವರಿಗೆ, ಇಂಥ ತಪ್ಪು ಮಾಡಿದ್ದಾರೆ ಅಂತ ನಾಲ್ಕೂ ಓಣಿಯಲ್ಲಿ ಸಾರಬೇಕು. ಕೇಳಿದ ಜನ ಹೌದು ಅಂದ ಮೇಲೇ ಕಲ್ಲು ಮುಚ್ಚಬೇಕು. ಕಟ್ಟಳೆ ಮುರಿದವರ ವಂಶ ನಿಲ್ಲುವುದಿಲ್ಲ ಅಂತ ದೇಸಾಯಿಗಳಿಗೂ ಭಯವಿತ್ತಂತೆ.

ಒಂದು ಬೆಳಿಗ್ಗೆ ದೇಸಾಯಿ ಬುಟ್ಟಿ ಹೆಣೆಯುವ ಗಾಳೆವ್ವನನ್ನು ಹಗೇವಿಗೆ ಇಳಿಸಿಬಿಟ್ಟ. ಗಾಳೆವ್ವ ಒಂಟಿ ಹೆಂಗಸು, ಬಾಯಿ ಸ್ವಲ್ಪ ಜೋರು. ದೇಸಾಯಿ ಹುಲಗಪ್ಪನನ್ನು ಕರೆಸಿ, ಹೋಗಿ ಸಾರು ಅಂದ. ಹುಲಗಪ್ಪ ಮೊದಲ ಓಣಿಯಲ್ಲಿ ಹಲಗೆ ಬಾರಿಸಿದ, ಜನ ಬಾಗಿಲಿಗೆ ಬಂದರು, ಇವನು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತಂತೆ. ಏನಂತ ಸಾರುವುದು? ಹೇಳೇ ಇಲ್ಲವಲ್ಲ! ತಾನೇ ಮರೆತೆನೋ, ದೇಸಾಯರು ಮರೆತರೋ? ತಲೆ ಕೆರೆದುಕೊಂಡು ವಾಡೆಗೆ ವಾಪಸು ಬಂದ.

ಕಳವು ಮಾಡಿದ್ದಾಳೆ ಅಂತ ಸಾರು, ಅಂದ ದೇಸಾಯಿ. ಹೋಗಿ ಸಾರಿದ. ಯಾರ ಮನೆಯಲ್ಲಿ, ಏನು ಕದ್ದಳು ಅಂತ ಜನ ಕೇಳಿದರು. ಎಲ್ಲರೂ ಒಳಗೆ ಹೋಗಿ ನೋಡಿದರೆ ಒಂದು ಸೌಟೂ ಕಳೆದಿರಲಿಲ್ಲ. ಮತ್ತೆ ವಾಪಸು ಬಂದ. ಹಿರಿಯರಿಗೆ ಅವಮಾನ ಮಾಡಿದ್ದಾಳೆ ಅಂತ ಸಾರು, ಅಂದ ದೇಸಾಯಿ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು, ನನಗಲ್ಲಪ್ಪ, ನನಗಲ್ಲಪ್ಪ ಅಂದರು. ಒಬ್ಬ ಮುದುಕ ಮಾತ್ರ, ನನಗೆ ಬೈದದ್ದು ನಿಜ, ಆದರೆ ತಪ್ಪು ನನ್ನದೇ ಇತ್ತು ಅಂದನಂತೆ.

ಹುಲಗಪ್ಪನಿಗೆ ದಿಕ್ಕೇ ತೋಚಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಕೊನೆಗೆ ಅವಳನ್ನೇ ಕೇಳೋಣ ಅಂತ ಹಗೇವಿನ ಬಾಯಿಗೆ ಬಗ್ಗಿದ.

“ಯವ್ವಾ ಗಾಳೆವ್ವಾ, ನೀ ಮಾಡಿದ ತಪ್ಪರೆ ಯಾವುದು?”

“ನನಗೂ ತಿಳೀವಲ್ದೋ ಯಪ್ಪಾ. ನಿನಗ ತಿಳಿದ್ರ ನನಗೂ ಹೇಳು. ಹಂಗ ಮುಚ್ಚಬ್ಯಾಡ್ರಿ.”

ಆ ದನಿ ಕೇಳಿದ್ದೇ ತಡ, ಹುಲಗಪ್ಪ ಎದ್ದ. ಓಡಿಹೋಗಿ ಮೂರನೇ ಸಲ ದೇಸಾಯಿಯ ಮುಂದೆ ಕೈಮುಗಿದು ನಿಂತ. ದೇಸಾಯಿ ಕೆಂಡಾಮಂಡಲವಾದ. “ಕಾರಣ ಕೇಳಾಕ ನೀ ಯಾವನಲೇ? ನಾ ಹೇಳೇನಿ, ಅದಕ್ಕ. ಇಷ್ಟ ಸಾರು ಹೋಗು!”

ಹುಲಗಪ್ಪ ಇಷ್ಟೇ ಸಾರಿದ. “ಕೇಳ್ರಪೋ ಕೇಳ್ರಿ! ಗಾಳೆವ್ವನ್ನ ಹಗೇವಿಗೆ ಇಳಿಸ್ಯಾರ! ಯಾಕಂದ್ರ ದೇಸಾಯ್ರು ಹೇಳ್ಯಾರ!” ಇನ್ನೂ ಏನೋ ಉಳಿದಿದೆ ಅನ್ನಿಸಿ ಅಲ್ಲೇ ನಿಂತ. ಜನವೂ ಉಳಿದದ್ದಕ್ಕೆ ಕಾದರು. ಗಾಣದ ಸಂಕವ್ವನೇ ಮೊದಲು ಬಾಯಿಬಿಟ್ಟಳಂತೆ. “ಇಷ್ಟಕ್ಕ ಅಂದ್ರ, ನಾಳೆ ನನ್ನೂ ಇಳಿಸಬಹುದಲ್ಲೋ!” ಯಾರೂ ಹೌದು ಅನ್ನಲಿಲ್ಲ. ಅವನು ಎರಡನೇ ಓಣಿಗೆ ಹೋದ, ಅವರೂ ಹಿಂದೆ ಹೋದರು. ನಾಲ್ಕನೇ ಓಣಿ ಮುಗಿಯುವಾಗ ಊರಿಗೆ ಊರೇ ಅವನ ಬೆನ್ನಿಗಿತ್ತು. ಹೋದವರು ಹಗೇವಿನ ಪಕ್ಕದ ಮುಚ್ಚುಗಲ್ಲಿನ ಮೇಲೇ ಕೂತುಬಿಟ್ಟರು, ಇನ್ನು ಆಳುಗಳು ಅದನ್ನು ಎತ್ತುವುದು ಹೇಗೆ?

ಹುಲಗಪ್ಪನಿಗೆ ಆಗಲೂ ಏನಾಗುತ್ತಿದೆ ಅಂತ ತಿಳಿಯಲಿಲ್ಲವಂತೆ. “ನಾಕೂ ಓಣಿ ಆತ್ರೀ. ಯಾರೂ ಹೌದು ಅನ್ನವಲ್ರು. ಈಗೇನ್ ಮಾಡ್ಲಿ?” ಅಂತ ದೇಸಾಯಿಯನ್ನೇ ಕೇಳಿದ. ದೇಸಾಯಿ ಜನರನ್ನು ನೋಡಿದ, ಕಲ್ಲನ್ನು ನೋಡಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಊರವರು ಹಗ್ಗ ಇಳಿಬಿಟ್ಟರು.

ಅವಳ ತಪ್ಪೇನು ಅಂತ ಇವತ್ತಿಗೂ ಗೊತ್ತಿಲ್ಲ. ದೇಸಾಯಿ ಕುದುರೆಯಿಂದ ಜಾರಿದಾಗ ನಕ್ಕಳು ಅನ್ನುತ್ತಾರೆ ಕೆಲವರು. ಹುಲಗಪ್ಪ ಸಾಯುವ ತನಕ ಕಂಡಕಂಡವರನ್ನು ಕೇಳುತ್ತಿದ್ದನಂತೆ. ಅವನು ಜಾಣನೋ ದಡ್ಡನೋ, ಅದೂ ನನಗೆ ಬಗೆಹರಿದಿಲ್ಲ.

ಈಗ ಕಾರಣ ಹೇಳದೆ ಯಾರನ್ನೂ ಹಿಡಿದಿಡಬಾರದು ಅಂತ ಸಂವಿಧಾನದಲ್ಲೇ ಬರೆದಿದೆಯಂತೆ. ಆದರೂ ಆ ಊರವರು ತಮ್ಮ ರೂಢಿ ಬಿಟ್ಟಿಲ್ಲ. ಯಾರನ್ನಾದರೂ ಹಿಡಿದೊಯ್ಯಲು ಜೀಪು ಬಂದರೆ ಅಡ್ಡಗಟ್ಟುವುದಿಲ್ಲ, ಕಲ್ಲು ತೂರುವುದಿಲ್ಲ. ಒಂದು ಹಲಗೆ ತಂದು ಬಂದವರ ಕೊರಳಿಗೆ ಹಾಕಿ, ನಾಲ್ಕು ಓಣಿ ತೋರಿಸಿ, ನೀವೇ ಸಾರಿ ಸ್ವಾಮಿ ಅನ್ನುತ್ತಾರೆ. ಸಾರಿದವರೂ ಇದ್ದಾರೆ, ಅವರಿಗೆ ದಾರಿ ಬಿಟ್ಟಿದ್ದಾರೆ. ಇನ್ನು ಕೆಲವರು ಮೊದಲ ಓಣಿಯಲ್ಲೇ ಬಾಯಿ ತೆರೆದು ನಿಂತು, ಹಲಗೆ ಕೆಳಗಿಟ್ಟು, ಹಿಡಿದ ಮನುಷ್ಯನ ಕೈ ಬಿಟ್ಟು ಹೋಗಿದ್ದಾರಂತೆ.