ಗಿಡ್ಡ ತಂತಿ

"ಗುರುಗಳೇ, ರಾಜಿಯಾಗೋಣವೆಂದು ತಮ್ಮನಿಗೆ ನಿನ್ನೆ ಹೇಳಿ ಕಳಿಸಿದೆ. ಅವನು ಬರಲಿಲ್ಲ. ಅವನಿಗೆ ನಾನು ಬೇಡವೆಂದೇ ತಿಳಿಯಬೇಕೇ?" ಎಂದು ಚನ್ನವೀರ ಕೇಳಿದ. ಅವನೂ ತಮ್ಮನೂ ಅವಳಿಗಳು. ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ಗುರುಗಳು ಕಾವಿ ತೊಡುವ ಮೊದಲು ಭೌತಶಾಸ್ತ್ರ ಓದಿದವರು. ಆ ಚಾಳಿ ಇನ್ನೂ ಹೋಗಿರಲಿಲ್ಲ. ಅವರು ಈ ಕತೆ ಹೇಳಿದರು.

ಒಬ್ಬ ವಿಜ್ಞಾನಿ ಕಣಗಳನ್ನು ಹಿಡಿದು ಅಳೆಯುವ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಕಟ್ಟಿದ. ಪರಮಾಣುಬೀಜದಿಂದ ಎಲೆಕ್ಟ್ರಾನ್, ಪಾಸಿಟ್ರಾನ್ ಎಂಬ ಎರಡು ಕಣಗಳು ಜೋಡಿಯಾಗಿ ಹುಟ್ಟುವುದುಂಟು. ಅಯಸ್ಕಾಂತದ ನಡುವೆ ಬಂದೊಡನೆ ಒಂದು ಎಡಕ್ಕೆ ಬಾಗುತ್ತದೆ, ಇನ್ನೊಂದು ಬಲಕ್ಕೆ. ಎರಡೂ ಕಡೆ ಅವನು, ಕಣ ತಾಗಿದೊಡನೆ ತಂತಿಯಲ್ಲಿ ಸುದ್ದಿ ಕಳಿಸುವ ಒಂದೊಂದು ಡಿಟೆಕ್ಟರ್ ಇಟ್ಟ. ದಾರಿತಪ್ಪಿ ಬರುವ ಒಂಟಿ ಕಣಗಳು ಬೇಕಾದಷ್ಟು. ಆದ್ದರಿಂದ ಎರಡು ಕಡೆಯ ಸುದ್ದಿಯೂ ಒಂದೇ ಕ್ಷಣಕ್ಕೆ ಮುಟ್ಟಿದರೆ ಮಾತ್ರ ಜೋಡಿಯೆಂದು ಹಿಡಿಯುವಂತೆ ಮಾಡಿದ. ಆ ಕ್ಷಣವೋ, ರೆಪ್ಪೆ ಬಡಿಯುವ ಹೊತ್ತಿನ ಕೋಟಿಯಲ್ಲೊಂದು ಪಾಲು.

ಎಡಬಲಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಅಳೆದು ಕೂರಿಸಿದ್ದ. ಆದರೂ ತಿಂಗಳುಗಟ್ಟಲೆ ಒಂದು ಜೋಡಿಯೂ ಸಿಗಲಿಲ್ಲ. ಅಯಸ್ಕಾಂತ ಬೇರೆಯವರಿಗೆ ಬೇಕು, ಬಿಚ್ಚಿಬಿಡಿ ಎಂದು ಮೇಲಿನವರು ಹೇಳಿದರು. ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಬಿಚ್ಚಲು ಮೊದಲು ತಂತಿಗಳಿಗೆ ಕೈ ಹಾಕಿದ. ಎಡಗಡೆಯದು ಒಂದೇ ಎಳೆತಕ್ಕೆ ಕೈಗೆ ಬಂತು. ಬಲಗಡೆಯದು ಎಳೆದಷ್ಟೂ ಬರುತ್ತಲೇ ಇತ್ತು. ಅದು ಅಯಸ್ಕಾಂತದ ಹಿಂಬದಿಯಿಂದ ಸುತ್ತಿ ಬಂದಿತ್ತು. ಎಲ್ಲವನ್ನೂ ಅಳೆದವನು ತಂತಿಯನ್ನು ಮಾತ್ರ ಅಳೆದಿರಲಿಲ್ಲ. ಮಡಿಲಿಗೆ ಬಿದ್ದ ಸುರುಳಿ ನೋಡಿ ಕೂತಲ್ಲೇ ನಕ್ಕುಬಿಟ್ಟ. ಜೋಡಿ ಬರುತ್ತಲೇ ಇತ್ತು. ಒಂದರ ಸುದ್ದಿ ಉದ್ದ ತಂತಿಯಲ್ಲಿ ತಡವಾಗಿ ಮುಟ್ಟುತ್ತಿತ್ತು, ಅಷ್ಟರಲ್ಲಿ ಇನ್ನೊಂದರ ಕ್ಷಣ ಮುಗಿದಿರುತ್ತಿತ್ತು.

"ಉದ್ದದ್ದನ್ನು ಕತ್ತರಿಸೋಣವೇ?" ಎಂದು ಜೊತೆಯಲ್ಲಿ ದುಡಿಯುತ್ತಿದ್ದವಳು ಕೇಳಿದಳು.

"ಬೇಡ, ಅದು ಸುತ್ತಿಯೇ ಬರಬೇಕು. ಗಿಡ್ಡದ್ದಕ್ಕೆ ಇನ್ನಷ್ಟು ತಂತಿ ಜೋಡಿಸೋಣ."

ಹಾಗೆಯೇ ಮಾಡಿ ಯಂತ್ರ ಹಚ್ಚಿದರು. ಊಟದ ಹೊತ್ತಿಗೆ ಮೊದಲ ಜೋಡಿ ಸಿಕ್ಕಿತು. ಬಿಚ್ಚುವ ಮಾತನ್ನು ಮೇಲಿನವರು ಮತ್ತೆ ಎತ್ತಲಿಲ್ಲ. ಎಷ್ಟೋ ದಿನದ ಮೇಲೆ ಅವನು ಅಂದು ಕೇಳಿ ಕೇಳಿ ಬಡಿಸಿಕೊಂಡು ಉಂಡ.

ಕತೆ ಕೇಳಿ ಚನ್ನವೀರನ ಎದೆಯೂ ಹಗುರವಾಯಿತು. "ಹಾಗಾದರೆ ತಮ್ಮ ಬಂದೇ ಬರುತ್ತಾನೆ. ಅವನ ತಂತಿ ಉದ್ದ, ಅಷ್ಟೇ" ಎಂದ.

ಗುರುಗಳು ನಗುತ್ತಾ ಹೇಳಿದರು: "ಅಲ್ಲಪ್ಪ, ನಿನ್ನದು ಗಿಡ್ಡ."