ಎರಡು ನಾಡಿನ ಉಳುಮೆ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಜೊತೆಯಲ್ಲೇ ಮಠಕ್ಕೆ ಬಂದ ಸಂಗಯ್ಯ ವ್ಯಾಕರಣ, ತರ್ಕ, ಜ್ಯೋತಿಷ ಎಂದು ವರ್ಷಕ್ಕೊಂದು ವಿದ್ಯೆ ಸೇರಿಸಿಕೊಳ್ಳುತ್ತಿದ್ದಾನೆ. ನಾನು ಒಂದೊಂದನ್ನೇ ಬಿಡುತ್ತ ಬಂದು ಈಗ ವೈದ್ಯವೊಂದರಲ್ಲೇ ನಿಂತಿದ್ದೇನೆ. ನಾನು ಹಿಂದೆ ಬಿದ್ದೆನೇ?"

ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಹೊಳೆ. ಅದರ ಎರಡು ದಡಗಳಲ್ಲಿ ಎರಡು ನಾಡು. ಮೂಡಣ ನಾಡಿನ ದೊರೆಯ ಅಕ್ಕ ಪಡುವಣ ನಾಡಿನ ರಾಣಿ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಎರಡೂ ನಾಡಿನ ಅಳೆಯುವವರು ಹೊಳೆಯ ಮರಳಿನ ಮೇಲೆ ಸೇರಿ, ತಮ್ಮಲ್ಲಿ ಎಷ್ಟು ನೆಲ ಉಳುಮೆಯಾಗಿದೆ ಎಂದು ಸಾರುತ್ತಿದ್ದರು.

ಮೂಡಣದ ಹೊಲ ವರ್ಷವರ್ಷವೂ ಬೆಳೆಯಿತು. ಪಡುವಣದ್ದು ಕುಗ್ಗಿತು. ಅಲ್ಲಿನ ರೈತರು ಮಳೆಗೆ ಮಣ್ಣು ಕೊಚ್ಚಿಹೋಗುವ ಇಳಿಜಾರನ್ನು ಉಳುವುದು ಬಿಟ್ಟು, ಇದ್ದ ಗೊಬ್ಬರವನ್ನೆಲ್ಲ ತಗ್ಗಿನ ಹೊಲಗಳಿಗೆ ಹಾಕಿಕೊಂಡಿದ್ದರು. ಬಿಟ್ಟ ನೆಲದಲ್ಲಿ ಹುಲ್ಲು ಬೆಳೆಯಿತು. ಕಣಜಗಳು ತುಂಬುತ್ತಲೇ ಇದ್ದವು. ಆದರೆ ಹೊಳೆಯ ದಡದಲ್ಲಿ ಕಣಜದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ವರ್ಷ ಮೂಡಣದ ದೊರೆ ಬೆಳ್ಳಿಯ ಪುಟ್ಟ ನೇಗಿಲೊಂದನ್ನು ಮಾಡಿಸಿ ಭಾವನಿಗೆ ಉಡುಗೊರೆ ಕಳಿಸಿದ. ಭಾವನ ಆಸ್ಥಾನವೆಲ್ಲ ಮುಸಿಮುಸಿ ನಕ್ಕಿತು. ಪಡುವಣದ ದೊರೆಗೆ ಮುಖ ಎತ್ತಲಾಗಲಿಲ್ಲ. ಹುಲ್ಲುಗಾವಲನ್ನೆಲ್ಲ ಉಳಬೇಕೆಂದು ಆಜ್ಞೆ ಹೊರಡಿಸಿದ. ದನ ಕಾಯುವವರು ಬಂದು ಕೈಮುಗಿದು ಬೇಡಿದರೂ ಕೇಳಲಿಲ್ಲ. ಉಳುಮೆ ಹೆಚ್ಚಿಸುವ ಬಗೆಯನ್ನು ಕಣ್ಣಾರೆ ನೋಡಿ ಕಲಿಯಬೇಕೆಂದು, ನೇಗಿಲು ಹೂಡುವ ಮುಂಚೆ ತಾನೇ ಹೊಳೆ ದಾಟಿದ.

ಅಲ್ಲಿ ಕುದುರೆ ಕಟ್ಟಲು ಜಾಗವಿರಲಿಲ್ಲ. ಗೋಮಾಳ ಹೊಲವಾಗಿತ್ತು. ಕೆರೆಯಂಗಳ ಹೊಲವಾಗಿತ್ತು. ಕಣಗಳೂ ಹೊಲವಾಗಿ, ಜನ ತೆನೆಯನ್ನು ದಾರಿಯ ಮೇಲೆ ಬಡಿಯುತ್ತಿದ್ದರು. ಎತ್ತುಗಳ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಉತ್ತ ನೆಲದಲ್ಲಿ ಅರ್ಧಕ್ಕರ್ಧ ಬಿತ್ತಿದ ಗುರುತೇ ಇರಲಿಲ್ಲ.

"ಉತ್ತ ಮೇಲೆ ಬಿತ್ತಲಿಲ್ಲವೇಕೆ?" ಎಂದು ಪಡುವಣದ ದೊರೆ ಕೇಳಿದ.

"ಅಳೆಯುವವರು ಉತ್ತದ್ದನ್ನಷ್ಟೇ ಅಳೆಯುತ್ತಾರೆ, ಭಾವ," ಎಂದ ಮೂಡಣದ ದೊರೆ.

ಅರಮನೆಯ ಅಂಗಳಕ್ಕೂ ನೇಗಿಲು ಬಿದ್ದಿತ್ತು. ಹಾಗಾಗಿ ಔತಣಕ್ಕೆ ಹೊಲದ ಬದುವಿನ ಮೇಲೆ ಸಾಲಾಗಿ ಎಲೆ ಹಾಕಿದರು. ಬಡಿಸುವವನು ಒಬ್ಬರನ್ನು ದಾಟಲು ಹೋಗಿ ಜಾರಿದ. ಅವನು ಪಕ್ಕದವನನ್ನು ಹಿಡಿದುಕೊಂಡ, ಪಕ್ಕದವನು ಆಚೆಯವನನ್ನು ಹಿಡಿದುಕೊಂಡ. ಸಾಲಿಗೆ ಸಾಲೇ, ದೊರೆಗಳಿಬ್ಬರೂ ಸೇರಿ, ಆಗಷ್ಟೇ ನೀರು ಹಾಯಿಸಿದ್ದ ಹೊಲದ ಕೆಸರಿಗೆ ಉರುಳಿತು.

ಪಡುವಣದ ದೊರೆಯ ಕೈಯಲ್ಲಿ ಮೊಸರಿನ ದೊನ್ನೆ ಮಾತ್ರ ಉಳಿದಿತ್ತು. ಕೆಸರಿನಲ್ಲಿ ಕುಳಿತೇ ಅದನ್ನು ಬಾಯಿಗೆ ಸುರಿದುಕೊಂಡು ಕೇಳಿದ: "ಮೊಸರು ಬಹಳ ಚೆನ್ನಾಗಿದೆ. ಎಲ್ಲಿಯದು?"

ಮೂಡಣದ ದೊರೆ ಮೀಸೆಯ ಕೆಸರು ಒರೆಸಿಕೊಂಡು ಮೆಲ್ಲಗೆ ಹೇಳಿದ: "ನಿಮ್ಮ ನಾಡಿನದೇ, ಭಾವ. ನಮ್ಮಲ್ಲಿ ಹಸು ಮೇಯಲು ಹುಲ್ಲೆಲ್ಲಿದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪಡುವಣದ ದೊರೆ ಮರಳಿ ಬಂದವನೇ ಆಜ್ಞೆಯನ್ನು ಹಿಂತೆಗೆದುಕೊಂಡ. ಮೂಡಣದ ಎತ್ತುಗಳನ್ನೂ ಕರೆಸಿಕೊಂಡು ಆ ಬೇಸಗೆಯೆಲ್ಲ ತನ್ನ ಹುಲ್ಲುಗಾವಲಿನಲ್ಲಿ ಮೇಯಲು ಬಿಟ್ಟ. ಮೂಡಣದ ದೊರೆ ಕೆರೆಯಂಗಳವನ್ನು ಕೆರೆಗೆ ಬಿಟ್ಟ, ಗೋಮಾಳವನ್ನು ದನಗಳಿಗೆ ಬಿಟ್ಟ. ಉಳಿದ ಹೊಲಕ್ಕೆ ಗೊಬ್ಬರ ಸಾಲಿತು. ಎತ್ತುಗಳಿಗೆ ಕಸುವು ಬಂತು. ಮುಂದಿನ ಸುಗ್ಗಿಯಲ್ಲಿ ಎರಡೂ ನಾಡಿನವರು ಹೊಳೆಯ ಮರಳಿನ ಮೇಲೆ ಒಲೆ ಹೂಡಿ, ಒಟ್ಟಿಗೆ ಅಡುಗೆ ಮಾಡಿಕೊಂಡು ಉಂಡರು.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಆ ವರ್ಷ ಯಾರ ಹೊಲ ಹೆಚ್ಚಿತ್ತು, ಗುರುಗಳೇ?"

ಗುರುಗಳು ಹೇಳಿದರು: "ಯಾರಿಗೆ ಗೊತ್ತಪ್ಪ, ಅಳೆಯುವವರೂ ಊಟಕ್ಕೆ ಕುಳಿತಿದ್ದರು."