ಬಾಯ್ದೆರೆದವ್ವನ ದಿಬ್ಬ

ಸೊಗಲಿಹಾಳದ ಊರ ಹೊರಗೆ, ಎರೆಹೊಲಗಳ ನಡುವೆ, ಗರಸು ಮಣ್ಣಿನ ದಿಬ್ಬವೊಂದಿದೆ. ಅದರ ನೆತ್ತಿಯ ಬೇವಿನ ಬುಡದಲ್ಲಿ ಮೊಳದುದ್ದದ ಕರಿಕಲ್ಲು. ಆ ಕಲ್ಲಿಗೆ ಕಣ್ಣಿಲ್ಲ, ಮೂಗಿಲ್ಲ, ತೆರೆದ ಬಾಯೊಂದೇ ಇದೆ. ದಿಬ್ಬದ ತುಂಬ ಅರ್ಧ ಮುಚ್ಚಿಹೋದ ಆಳದ ಕುಳಿಗಳು. ಬಾಯ್ದೆರೆದವ್ವನ ದಿಬ್ಬ ಎಂದು ಇದರ ಹೆಸರು. ಹೊರಗಿನವರು ಆ ಬಾಯಿ ಕಂಡು, ದೇವಿ ಬಲಿ ಕೇಳುತ್ತಿದ್ದಾಳೆ ಎಂದುಕೊಂಡು ಕೋಳಿ ಹಿಡಿದು ಬರುವುದುಂಟು. ಯಾರೋ ಪುಣ್ಯಾತ್ಮರು ಅವಳು ರಾಕ್ಷಸನನ್ನು ನುಂಗಿದಳೆಂದು ಕಥೆ ಕಟ್ಟಿ ಬೋರ್ಡನ್ನೂ ನಿಲ್ಲಿಸಿದ್ದಾರೆ. ಸುಳ್ಳಪ್ಪಾ, ಬರೀ ಸುಳ್ಳು! ಅವಳು ಯಾರನ್ನೂ ನುಂಗಿದವಳಲ್ಲ, ಒಂದು ಜೋಳದ ಕಾಳನ್ನು ಕಡಿಯಲಾಗದೆ ಹೋದವಳು. ಅದನ್ನು ಪರವೂರಿನವರ ಮುಂದೆ ಹೇಳಲು ನಮ್ಮೂರವರಿಗೆ ಇಂದಿಗೂ ನಾಚಿಕೆ. ಅದಕ್ಕೇ ಆ ಬೋರ್ಡನ್ನು ಯಾರೂ ಕಿತ್ತಿಲ್ಲ.

ಹಿಂದೆ ಒಮ್ಮೆ ಊರಿನ ಜೋಳವೆಲ್ಲ ಈ ದಿಬ್ಬದ ಹೊಟ್ಟೆಯಲ್ಲೇ ಇರುತ್ತಿತ್ತಂತೆ. ಈ ಕುಳಿಗಳೇ ಹಗೇವುಗಳು, ನೆಲದೊಳಗಿನ ಕಣಜಗಳು. ಸುತ್ತಲೂ ಜೋಳದ ದಂಟು, ಹೊಟ್ಟು ಹಾಸಿ ಕಾಳು ಸುರಿದು, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಸುಳಿಯುತ್ತಿರಲಿಲ್ಲ. ಆದರೆ ಕಾಳು ಚೆನ್ನಾಗಿ ಒಣಗಿರಬೇಕು. ಹಸಿ ಉಳಿದರೆ ಒಳಗೇ ಕಾವು ಹುಟ್ಟಿ ಕೊಳೆಯುತ್ತಿತ್ತು. ಅದನ್ನು ಪರೀಕ್ಷಿಸುವವಳು ನಿಂಬೆವ್ವ ಎಂಬ ಮುದುಕಿ. ಅವಳ ಅತ್ತೆಯೂ ಇದೇ ಕೆಲಸ ಮಾಡಿದವಳು. ನಿಂಬೆವ್ವ ಒಂದು ಕಾಳನ್ನು ದವಡೆಗಿಟ್ಟು ಕಡಿಯಬೇಕು, ಕಟಕ್ಕನೆ ಸಪ್ಪಳ ಬರಬೇಕು, ಆಮೇಲೆ ಅವಳು 'ಮುಚ್ರಿ' ಅನ್ನಬೇಕು. ಅಲ್ಲಿಯವರೆಗೆ ಊರಗೌಡನ ಜೋಳದ ಮೇಲೂ ಚಪ್ಪಡಿ ಬೀಳುತ್ತಿರಲಿಲ್ಲ. ಯಾರ ಮನೆಯ ಹಬ್ಬವಾದರೂ ಮೊದಲ ಹೋಳಿಗೆ ನಿಂಬೆವ್ವನ ತಾಟಿಗೇ ಬೀಳುತ್ತಿತ್ತು.

ಒಂದು ವರ್ಷ ರಾಶಿ ಇನ್ನೂ ಕಣದಲ್ಲಿದ್ದಾಗ ಅಕಾಲದ ಮಳೆ ಹೊಡೆಯಿತು. ಜನ ಕಾಳನ್ನು ಬಿಸಿಲಿಗೆ ಹರವಿದರು. ಮತ್ತೆ ಮೋಡ ಕಟ್ಟಿದ್ದು ಕಂಡು ಗಡಿಬಿಡಿಯಲ್ಲಿ ಹೊತ್ತು ತಂದು ಹಗೇವುಗಳಿಗೆ ಸುರಿದರು. ನಿಂಬೆವ್ವ ಕಾಳು ಬಾಯಿಗೆ ಹಾಕಿಕೊಂಡಳು. ಸಪ್ಪಳ ಬಂತು. 'ಮುಚ್ರಿ' ಎಂದಳು. ಚಪ್ಪಡಿ ಮೆತ್ತುವ ದುರುಗಪ್ಪ ಮೆತ್ತಿ ಮುಗಿಸಿದ. ಆಷಾಢದಲ್ಲಿ ಮನೆಗಳ ಗಡಿಗೆಗಳು ಬರಿದಾದಾಗ ಮೊದಲ ಹಗೇವು ತೆರೆದರೆ ಬಿಸಿ ಹಬೆಯೊಂದಿಗೆ ಕೊಳೆತ ನಾತ ಎದ್ದಿತು. ಕಾಳೆಲ್ಲ ಕರಿ ಹೆಂಟೆಯಾಗಿತ್ತು. ಉಳಿದ ಹಗೇವುಗಳದೂ ಅದೇ ಪಾಡು. ಉಣ್ಣುವ ಜೋಳವೂ ಹೋಯಿತು, ಬಿತ್ತುವ ಜೋಳವೂ ಹೋಯಿತು. ದನಗಳು ಸಹ ಮೂಸಿ ಮುಖ ತಿರುಗಿಸಿದವಂತೆ.

ಹೊಟ್ಟೆ ಉರಿದ ಜನ ದುರುಗಪ್ಪನನ್ನು ಹಿಡಿದರು. ಮಣ್ಣು ಸರಿಯಾಗಿ ಮೆತ್ತದೆ ನೀರು ಇಳಿಸಿದ್ದಾನೆ ಎಂದರು. ದಿಬ್ಬದ ಮೇಲೆ ಸಭೆ ಸೇರಿ, ಹೆಂಡತಿ ಮಕ್ಕಳ ಸಮೇತ ಊರು ಬಿಡೆಂದರು. ಅವನು ತಲೆ ಎತ್ತಲಿಲ್ಲ, ಇಲ್ಲ ಅನ್ನಲೂ ಇಲ್ಲ. ಹೆಂಡತಿ ಬೀಸುಕಲ್ಲಿನ ಮೇಲುಗಲ್ಲನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು. ನಿಂಬೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲವನ್ನೂ ನೋಡುತ್ತ ಕೂತಿದ್ದಳು. ದುರುಗಪ್ಪ ಇಳಿಜಾರಿಗೆ ಕಾಲಿಟ್ಟಾಗ ಅವಳಿಗೆ ತಡೆಯಲಾಗಲಿಲ್ಲ. 'ನಿಂದ್ರೋ ತಮ್ಮಾ!' ಎಂದು ಕೂಗಿ ಎದ್ದು, ಸೆರಗು ಬಿಟ್ಟು, ಊರ ಮುಂದೆ ಬಾಯಿ ತೆರೆದಳು. ದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ.

'ನೋಡ್ರಿ, ಎಲ್ಲಾರೂ ನೋಡ್ರಿ. ಹೋದ ವರ್ಷನ ಹಲ್ಲು ಉದುರಿದ್ವು. ಅವಾಗ ಬಿಸಿಲು ಕಾಯ್ತು, ಉಳದ್ವಿ. ಈ ಸಲ ನಾಲಿಗಿಲೆ ಲೊಟಕ್ ಅನ್ನಿಸಿದೆ. ಹಲ್ಲಿಲ್ಲ ಅಂದ್ರ ನನ್ನ ಯಾರು ಕರೀತಾರ ಅಂತ ನಾಚ್ಕಿ ಬಂತು. ನನ್ನ ನಾಚ್ಕಿಗೆ ನಿಮ್ಮ ಅನ್ನ ಮಣ್ಣಾತು.'

ಗೌಡ ದುರುಗಪ್ಪನ ಕಡೆ ತಿರುಗಿ, 'ನೀ ಯಾಕ ಸುಮ್ನಿದ್ದೆಲೇ?' ಎಂದು ಕೇಳಿದ.

'ನಾ ಬಾಜೂಕ ಇದ್ನಿರೀ ಗೌಡ್ರ. ನಾಲಿಗಿ ಸಪ್ಪಳ ಅಂತ ಅವಾಗ್ಲೇ ತಿಳೀತು. ಹಿರಿಜೀವ, ಎಲ್ಲಾರ ಮುಂದ ಹೆಂಗ ಹೇಳೂದು ಅಂತ ಚಪ್ಪಡಿ ಎಳದೆ. ತಪ್ಪು ನಂದೂ ಐತ್ರಿ.'

ಆಗ ನಿಂಬೆವ್ವನ ಸೊಸೆ ನೆಲ ನೋಡಿದಳು. ಅತ್ತೆಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದವಳು ಅವಳೇ. ಹೋಳಿಗೆ ಬಡಿಸಿದ ಮನೆಗಳವರೂ ಮುದುಕಿ ಅದನ್ನು ಚೀಪುವುದನ್ನು ಕಂಡಿದ್ದರು. ಎಲ್ಲರಿಗೂ ಗೊತ್ತಿತ್ತು. ಗೌಡನಿಗೂ ಬಾಯ್ತುಂಬ ಹಲ್ಲಿದ್ದವು. ಊರ ಅನ್ನ ಹಗೇವಿಗೆ ಬೀಳುವಾಗ ಒಬ್ಬರಾದರೂ ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿರಲಿಲ್ಲ. ಥೂ, ಎಂಥ ನಾಚಿಕೆಗೇಡು! ಆ ದಿನ ಯಾರೂ ಯಾರ ಮುಖ ನೋಡದೆ ದಿಬ್ಬ ಇಳಿದರು ಎನ್ನುತ್ತಾರೆ. ದುರುಗಪ್ಪನ ಹೆಂಡತಿಯ ತಲೆಯ ಮೇಲಿನ ಕಲ್ಲನ್ನು ಗೌಡನೇ ಇಳಿಸಿಕೊಂಡು ಅವರ ಮನೆಯವರೆಗೆ ಹೊತ್ತನಂತೆ. ಆ ವರ್ಷ ಊರವರು ಬೀಗರ ಊರುಗಳಲ್ಲಿ ಕೈಯೊಡ್ಡಿ ಕಾಳು ತಂದು ಜೀವ ಹಿಡಿದುಕೊಂಡರು. ನಿಂಬೆವ್ವ ತೀರಿಕೊಂಡ ಮೇಲೆ ಅವಳು ಎದ್ದು ನಿಂತಿದ್ದ ಜಾಗದಲ್ಲೇ ಈ ಕಲ್ಲು ನಿಲ್ಲಿಸಿದರು.

ಈಗ ಹಗೇವುಗಳಿಲ್ಲ, ಜೋಳ ಚೀಲಕ್ಕೋ ತಗಡಿನ ಡ್ರಮ್ಮಿಗೋ ಸೇರುತ್ತದೆ. ಆದರೂ ತುಂಬುವ ಮುನ್ನ ಪ್ರತಿ ಮನೆಯವರೂ ಬೊಗಸೆ ಕಾಳು ಹಿಡಿದು ದಿಬ್ಬ ಹತ್ತುತ್ತಾರೆ. ಅಲ್ಲಿ ತಾವೇ ಕಡಿದು, ಕಟಕ್ಕನೆ ಒಡೆದರೆ ಆ ಹೋಳನ್ನು ಕಲ್ಲಿನ ಬಾಯಲ್ಲಿಡುತ್ತಾರೆ. ಮೆತ್ತಗಿದ್ದರೆ ರಾಶಿ ಮತ್ತೆ ಬಿಸಿಲಿಗೆ. ಕೋಳಿ ತಂದವರು ಮರದ ನೆರಳಲ್ಲಿ ಕೂತು ಇದನ್ನೆಲ್ಲ ಬೆರಗಾಗಿ ನೋಡುತ್ತಾರೆ. ಹಲ್ಲಿಲ್ಲದ ಮುದುಕರು ಅವ್ವನ ಮುಂದೆ ನಿಂತು, ಬಾಯಿ ತೆರೆದು ತೋರಿಸಿ, 'ನನ್ನ ಕೈಲಿ ಆಗೂದಿಲ್ಲ' ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಅದು ಅಲ್ಲಿನ ನೇಮ. ಆಗ ಯಾರೂ ನಗುವುದಿಲ್ಲ. ಪಕ್ಕದಲ್ಲಿ ನಿಂತವರು ಕೈ ಚಾಚಿ ಆ ಕಾಳನ್ನು ಇಸಿದುಕೊಂಡು ಕಡಿಯುತ್ತಾರೆ.